ಒಂಬತ್ತು ಪುಟದ ಮಾಂತ್ರಿಕ, ಒಂದೇ ಸಾಲಿನ ಭಟ

ದಾಳ ಉರುಳಿಸಿ ಆಡುವ ಸಾಹಸದ ಆಟವೊಂದಿತ್ತು. ಪ್ರತಿ ಪಾತ್ರದ ಶಕ್ತಿಯನ್ನೂ ಹಾಳೆಯಲ್ಲಿ ಬರೆದಿಡುತ್ತಿದ್ದರು; ಪಾತ್ರ ಸತ್ತರೆ ಹಾಳೆಯನ್ನು ಹರಿದೇಬಿಡುತ್ತಿದ್ದರು, ದಯೆ ದಾಕ್ಷಿಣ್ಯವಿಲ್ಲ! ಅಲ್ಲಿ ಮಾಂತ್ರಿಕನಿಗೆ ಒಂಬತ್ತು ಪುಟ. ಅವನನ್ನು ಆಡಿಸುವ ಆಟಗಾರ ಆಸೆಪಟ್ಟು ಮಂತ್ರಗಳನ್ನು ಸೇರಿಸಿದ್ದೇ ಸೇರಿಸಿದ್ದು. ಭಟನಿಗೆ ಒಂದೇ ಸಾಲು: ಕೈಗೆ ಸಿಕ್ಕವರನ್ನು ಕತ್ತಿಯಿಂದ ಹೊಡೆಯುತ್ತಾನೆ.

"ನಿನ್ನದೂ ಒಂದು ಪಾತ್ರವೇನಯ್ಯಾ?" ಎಂದು ಮಾಂತ್ರಿಕ ಹಂಗಿಸುತ್ತಿದ್ದ.

ಒಂದು ದಿನ ರೆಕ್ಕೆಯ ಘಟಸರ್ಪವೊಂದು ಬೆಂಕಿಯುಗುಳುತ್ತ ಆಕಾಶದಿಂದ ಎರಗಿತು. ತಲೆಯ ಮೇಲೇ ಹಾರಾಡುತ್ತಿದ್ದ ಅದು ಭಟನ ಕತ್ತಿಗೆ ಎಟುಕಲಿಲ್ಲ. ಮಾಂತ್ರಿಕನ ಸರದಿ ಬಂತು, ಮರಳು ಗಡಿಯಾರ ತಿರುಗಿಸಿಟ್ಟರು. ಮರಳು ಮುಗಿಯುವುದರೊಳಗೆ ಮಂತ್ರ ಹೇಳದಿದ್ದರೆ ಇಬ್ಬರ ಹಾಳೆಯೂ ಚೂರು ಚೂರು!

"ಮಿಂಚು ಬಿಡಲೋ? ಮಂಜು ಸುರಿಸಲೋ? ತಡಿ, ಐದನೇ ಪುಟದಲ್ಲಿ ಇನ್ನೊಂದಿದೆ..." ಮಾಂತ್ರಿಕ ಪುಟ ತಿರುವುತ್ತಲೇ ಇದ್ದ. ಚಿಟಿಕೆಯಷ್ಟು ಮರಳು ಉಳಿಯಿತು.

"ಏಳನೇ ಪುಟ, ಕೊನೇ ಸಾಲು! ಸೀನು ಬರಿಸುವ ಮಂತ್ರ! ಹೇಳಿ ಸ್ವಾಮಿ!" ಎಂದು ಭಟ ಕೂಗಿದ.

ಮಾಂತ್ರಿಕ ಹೇಳಿದ. ಘಟಸರ್ಪ ಸೀನಿದ ರಭಸಕ್ಕೆ ಆಯತಪ್ಪಿ ಭಟನ ಕಾಲಬುಡಕ್ಕೇ ಬಿತ್ತು. ಭಟ ಒಂದೇ ಏಟಿಗೆ ಅದನ್ನು ಮುಗಿಸಿದ.

"ಆ ಮಂತ್ರ ಇರುವುದು ನನಗೇ ಗೊತ್ತಿರಲಿಲ್ಲ. ನಿನಗೆ ಹೇಗಯ್ಯಾ ಗೊತ್ತು?" ಎಂದ ಮಾಂತ್ರಿಕ.

"ನನ್ನದು ಒಂದೇ ಸಾಲಲ್ಲವೇ ಸ್ವಾಮಿ? ಅದನ್ನು ಓದಿ ಮುಗಿಸಿ, ನಿಮ್ಮದನ್ನು ಓದುತ್ತ ಕೂತಿದ್ದೆ."