ಅಂಗೈ ಸೇತುವೆ

ಇದನ್ನು ಬರೆದವನು ಈ ಸೇತುವೆಯನ್ನು ಎತ್ತಿ ಇಳಿಸುವ ಕೆಲಸದವನು. ಕಥೆ ಹೇಳಿ ರೂಢಿಯಿಲ್ಲ. ಹಿಂದುಮುಂದಾದರೆ ಓದುವವರು ಮನ್ನಿಸಬೇಕು. ಹಾಲೆಂಡಿನ ವೇರ್‌ಮೂಂಡೆ ಎಂಬ ಬಂದರಿನ ಕಾಲುವೆಗೆ ಅಡ್ಡಲಾಗಿ ಮರದ ಸೇತುವೆಯೊಂದಿದೆ. ಹಡಗು ಬಂದಾಗ ಅದು ಮೇಲೇಳುತ್ತದೆ, ದಾಟಿದ ಮೇಲೆ ಇಳಿಯುತ್ತದೆ; ಇಳಿಯದಿದ್ದರೆ ಜನ ನಡೆಯಲಾಗದು. ಅದರ ಕಂಬದ ಮೇಲೆ ಕಂಚಿನ ಅಂಗೈಯೊಂದು ಆಕಾಶಕ್ಕೆ ಚಾಚಿದೆ. ಅದಕ್ಕೇ ಇದನ್ನು ಅಂಗೈ ಸೇತುವೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಆಪ್ಷನ್ ವ್ಯಾಪಾರಕ್ಕೆಂದು ಯೂರೋಪಿನಲ್ಲಿ ಕಟ್ಟಡಗಳು ಏಳುವ ಮೊದಲು, ಇಲ್ಲಿ ಆ ವ್ಯಾಪಾರ ಸೇತುವೆಯ ಮೇಲೆಯೇ ನಡೆಯುತ್ತಿತ್ತಂತೆ. ಆಪ್ಷನ್ ಎಂದರೆ ಕೊಳ್ಳುವ ಹಕ್ಕು, ಕೊಳ್ಳಲೇಬೇಕೆಂಬ ಕಟ್ಟಳೆಯಲ್ಲ. ಮೀನಿಗೆ ಉಪ್ಪು ಹಾಕಿ ಮಾರುವ ವಿಧವೆ ಗ್ರೀಟ್, ಉಪ್ಪಿನ ವ್ಯಾಪಾರಿ ಕಾರ್ನೆಲಿಸನಿಗೆ ಎರಡು ಗುಂಡು ಚೀಸ್ ಕೊಟ್ಟು, ಮಾತಾದ ದಿನದ ಬೆಲೆಗೇ ನಲವತ್ತು ಮೂಟೆ ಉಪ್ಪು ಕೊಳ್ಳುವ ಹಕ್ಕು ಪಡೆದಳು. ಚೀಸ್ ಮರಳಿ ಬರುವುದಿಲ್ಲ. ಉಪ್ಪು ಬೇಕಾದರೆ ಜೂನಿನ ಹಬ್ಬದ ದಿನ ಮಧ್ಯಾಹ್ನದ ಗಂಟೆಯೊಳಗೆ, ಸೇತುವೆಯ ಮೇಲೆ, ಅವನ ಅಂಗೈಗೆ ಅವಳ ಅಂಗೈ ತಟ್ಟಬೇಕು. ತಟ್ಟದಿದ್ದರೆ ಹಕ್ಕು ಮುಗಿಯಿತು.

ಉಪ್ಪಿನ ಹಡಗುಗಳು ಬರಲಿಲ್ಲ. ಬೆಲೆ ಮೂರು ಪಟ್ಟಾಯಿತು. ಹಬ್ಬದ ದಿನ ಗ್ರೀಟಳ ಅಂಗಳದಲ್ಲಿ ಮೀನಿನ ರಾಶಿ ಬಿದ್ದಿತ್ತು. ಸಂಜೆಯೊಳಗೆ ಉಪ್ಪು ಬೀಳದಿದ್ದರೆ ಅವಳ ವರ್ಷದ ಅನ್ನವೇ ಕೊಳೆಯುತ್ತಿತ್ತು. ಅವಳು ಓಡಿಬಂದಳು. ಕಾರ್ನೆಲಿಸ್ ಸೇತುವೆಯ ಮೇಲಿದ್ದ, ಆದರೆ ಎರಡೂ ಕೈ ಜೇಬಿನಲ್ಲಿ.

“ಕೈ ತೆಗಿ, ಕಾರ್ನೆಲಿಸ್.”

“ಚಳಿ ಕಣಮ್ಮ.”

“ಜೂನ್ ತಿಂಗಳಲ್ಲೇ?”

“ಚೀಸ್ ಬಚ್ಚಿಟ್ಟುಕೊಂಡಿರಬೇಕು, ಜೇಬು ನೋಡೇ,” ಎಂದು ಮೀನು ಮಾರುವ ಹೆಂಗಸರು ನಕ್ಕರು. ಗ್ರೀಟಳಿಗೆ ನಗು ಬರಲಿಲ್ಲ. ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

ಅಷ್ಟರಲ್ಲಿ ಹಡಗಿನ ಕೊಂಬಿನ ಸದ್ದು. ಸೇತುವೆ ಎತ್ತಬೇಕೆಂದು ಎಲ್ಲರನ್ನೂ ದಡಕ್ಕಿಳಿಸಿದರು. ಒಂದರ ಹಿಂದೆ ಒಂದು, ಐದು ಹಡಗು, ಐದರಲ್ಲೂ ಉಪ್ಪು! ಸೇತುವೆ ಮತ್ತೆ ಇಳಿಯುವಷ್ಟರಲ್ಲಿ ಬೆಲೆ ಮಾತಾದ ದಿನದ ಬೆಲೆಯ ಅರ್ಧಕ್ಕೆ ಬಿದ್ದಿತ್ತು. ಈಗ ಮೊದಲು ಓಡಿಬಂದವನು ಕಾರ್ನೆಲಿಸ್, ಅಂಗೈ ಚಾಚಿಕೊಂಡು.

“ತಟ್ಟು ತಾಯಿ, ಬೇಗ ತಟ್ಟು.”

ಗ್ರೀಟ್ ಎರಡೂ ಕೈಗಳನ್ನು ಮಡಿಲಬಟ್ಟೆಯೊಳಗೆ ಸೇರಿಸಿದಳು.

“ಚಳಿ ಕಣಪ್ಪ.”

ಗಂಟೆ ಹೊಡೆಯಿತು. ಚಾಚಿದ ಕೈ ಚಾಚಿದಂತೆಯೇ ಇತ್ತು. ಗ್ರೀಟ್ ಹಡಗಿನಿಂದ ಅಗ್ಗದ ಉಪ್ಪು ಕೊಂಡು, ಮನೆಗೆ ಹೋಗುವಾಗ ಆ ಅಂಗೈಗೆ ಒಂದು ಚಿಟಿಕೆ ಉಪ್ಪು ಹಾಕಿ ಹೋದಳು ಎನ್ನುತ್ತಾರೆ.

ಇಂದಿಗೂ ಬಂದವರು ಕಂಚಿನ ಅಂಗೈಗೆ ಚಿಟಿಕೆ ಉಪ್ಪು ಹಾಕುತ್ತಾರೆ. ಯಾರೂ ಅದನ್ನು ತಟ್ಟುವುದಿಲ್ಲ. ತಟ್ಟದಿರುವುದು ನಲವತ್ತು ಮೂಟೆ ಕೊಳ್ಳಬೇಕಾದೀತೆಂಬ ಹೆದರಿಕೆಯಿಂದಲ್ಲ. ನಿಜವಾದ ಕಾರಣವೆಂದರೆ, ಗ್ರೀಟ್ ಅಂದು—

ಕೊಂಬು ಕೂಗುತ್ತಿದೆ. “ಎತ್ತಯ್ಯಾ ಸೇತುವೆ,” ಎನ್ನುತ್ತಿದ್ದಾರೆ ಹಡಗಿನವರು.