ಸೋದರಮಾವನಾದ ಸಾಹೇಬರು

ಚೀನಾದ ಒಂದು ಊರಿನಲ್ಲಿ ಶುಫೆನ್ ಎಂಬ ಹೆಂಗಸು ಬೆಳಗಿನ ಹೊತ್ತು ಬನ್ ಮಾರುತ್ತಿದ್ದಳು. ಬನ್ ಅಂದರೆ ಬೇಕರಿಯದ್ದಲ್ಲ, ನಮ್ಮ ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಿದ್ದು. ಅಂಗಡಿಯ ಪರವಾನಗಿ ಮುಗಿದಿತ್ತು. ಹೊಸದನ್ನು ಕೊಡಬೇಕಾದವರು ಬಡಾವಣೆ ಸಮಿತಿಯ ಕುವಾಂಗ್ ಸಾಹೇಬರು.

ಅವರು ಬಂದು ಎಲ್ಲರೆದುರೇ ಬೆರಳು ತೋರಿಸಿ ಗದರಿದರು.

"ಮದುವೆಯಾಗಿ ವರ್ಷವಾಯ್ತು. ದೇಶಕ್ಕೆ ಮಕ್ಕಳು ಬೇಕಮ್ಮಾ! ನಿನ್ನದು ಯಾವಾಗ? ಮೊದಲು ಅದನ್ನು ಹೇಳು, ಆಮೇಲೆ ಪರವಾನಗಿ."

"ಆಗಲಿ ಸಾಹೇಬರೇ. ನಾನು ಬನ್ ಬೇಯಿಸುವಾಗ ಮಗು ಎತ್ತಿಕೊಳ್ಳೋರು ಯಾರು?"

"ನಿನ್ನ ತಮ್ಮನೋ ತಂಗಿಯೋ ಎತ್ತಿಕೊಳ್ತಾರೆ."

"ನನಗೆಲ್ಲಿಯ ತಮ್ಮ? ಒಂದೇ ಸಾಕು ಅಂತ ನಮ್ಮಮ್ಮನನ್ನು ಹೆದರಿಸಿದ್ದು ನಿಮ್ಮ ಸಮಿತಿಯೇ ಅಲ್ವಾ?"

ನಿಜ. ಆಗ ಅಲ್ಲಿ ಒಂದೇ ಮಗು ಎಂಬ ಕಟ್ಟುನಿಟ್ಟಿತ್ತು. ಈಗ ಹೆರಿ, ಹೆರಿ ಅನ್ನುತ್ತಾರೆ.

"ತಮ್ಮ ಹುಟ್ಟದ ಹಾಗೆ ಮಾಡಿದವರೇ ಸೋದರಮಾವನ ಕೆಲಸವನ್ನೂ ಮಾಡಬೇಕು. ಇವತ್ತೇ ಅಭ್ಯಾಸ ಮಾಡಿಕೊಳ್ಳಿ" ಎಂದವಳೇ ಬನ್ ಕೊಳ್ಳಲು ಬಂದಿದ್ದ ಪಕ್ಕದ ಮನೆಯವಳ ಕಂಕುಳಲ್ಲಿದ್ದ ಕೂಸನ್ನು ತೆಗೆದು ಅವರ ಕೈಗಿಟ್ಟು ಹಿಟ್ಟು ನಾದತೊಡಗಿದಳು.

ಎರಡೂ ಕೈ ತುಂಬಿದ್ದರಿಂದ ಸಾಹೇಬರಿಗೆ ಬೆರಳು ತೋರಿಸಲಾಗಲಿಲ್ಲ. ಅಲ್ಲಿನ ಕೂಸುಗಳಿಗೆ ಕೆಳಗೆ ತೆರೆದಿರುವ ಚಡ್ಡಿ ಹಾಕುವುದು ರೂಢಿ. ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ ಅವರ ಕೋಟು ಒದ್ದೆಯಾಯಿತು.

ಮರುದಿನ ಅವರು ಬಂದಾಗ ಬೀದಿಯ ಹೆಂಗಸರೆಲ್ಲ ಕೂಸುಗಳನ್ನೆತ್ತಿಕೊಂಡು ಸಾಲಾಗಿ ನಿಂತಿದ್ದರು.

"ನೋಡೋ ಪುಟ್ಟಾ, ಮಾವ ಬಂದ್ರು!"

ಸಾಹೇಬರು ದೂರದಿಂದಲೇ ಕೈ ಚಾಚಿ ಪರವಾನಗಿ ಕೊಟ್ಟರು.

"ತಗೋಮ್ಮ. ಮಗುವಿಗೇನೂ ಅವಸರವಿಲ್ಲ. ನಿನಗೆ ಬೇಕು ಅನ್ನಿಸಿದಾಗ ನೋಡು."