ಸಿಂಗಾಪುರದಲ್ಲಿ ಹಾಲಮ್ಮನ ಮಗ

ಚಳ್ಳಕೆರೆಯಿಂದ ಆಚೆ ಒಂದೂರು. ಆ ಊರ ಬಸ್‌ಸ್ಟ್ಯಾಂಡ್ ಎದುರು ಪಡ್ಡು ಹಾಕಿ ಮಾರೋ ಹಾಲಮ್ಮ. ಗಂಡ ಇಲ್ಲ, ಹಿಂದಿಲ್ಲ ಮುಂದಿಲ್ಲ, ಇರೋನು ಒಬ್ಬನೇ ಮಗ. ಹೆಸರು ತಿಪ್ಪೇಶ. ಓದೋದು ಹತ್ತನೇ ಕ್ಲಾಸು, ಬುದ್ಧಿ ಮಾತ್ರ ಇನ್ನೂ ಅಂಗನವಾಡೀಲೇ ಕೂತಿತ್ತು! ಕಾಗೆ ಓಡಿಸೋ ಅಂದ್ರೆ ಕಾಗೆ ಹಿಂದೆ ಪಕ್ಕದೂರ ತನಕ ಓಡೋನು. ದಿನಾ ಸ್ಕೂಲಿಗೆ ಹೋಗೋ ಅಂದ್ರೆ ಭಾನುವಾರಾನೂ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ಸಂಜೆ ತನಕ ಕೂತು ಬರೋನು. ಹಾಲಮ್ಮ ಹಣೆ ಹಣೆ ಚಚ್ಕೊಳ್ಳೋಳು.

ಆ ವರ್ಷ ಊರಿನ ದಾನಿಯೊಬ್ಬರು ಸ್ಕೂಲಿನ ಮಕ್ಕಳನ್ನ ಸಿಂಗಾಪುರಕ್ಕೆ ಕಳಿಸ್ತೀನಿ ಅಂದ್ರು. ಜಾಣರಿಗೆ ಜಾಣತನಕ್ಕೆ ಸಿಕ್ತು. ಒಂದಿನಾನೂ ಸ್ಕೂಲು ತಪ್ಪಿಸದವನಿಗೂ ಒಂದು ಸೀಟು ಅಂತಿತ್ತು ನೋಡಿ, ಅದು ನಮ್ಮ ತಿಪ್ಪೇಶಂಗೆ ಹೋಯ್ತು.

"ಬೇಡ ಸಾರ್! ಇವನು ಸಂತೆಗೆ ಹೋದ್ರೇ ವಾಪಸ್ ಬರೋದು ಕಷ್ಟ!" ಅಂದ್ಳು ಹಾಲಮ್ಮ.

ಕರ್ಕೊಂಡು ಹೋಗೋರು ಸಮಾಜ ಪಾಠದ ವಜ್ರಪ್ಪ ಮೇಷ್ಟ್ರು. ಎದೆ ತಟ್ಕೊಂಡು ಹೇಳಿದ್ರು: "ಹೆಂಗೆ ಕೊಡ್ತೀಯೋ ಹಂಗೇ ತಂದು ಒಪ್ಪಿಸ್ತೀನಿ ಕಣಮ್ಮ. ನನ್ನ ಮಾತು ನಂಬು!"

ಪಾಪ, ಯಾಕಾದ್ರೂ ಅಂದ್ರೋ!

ವಿಮಾನ ನಿಲ್ದಾಣದ ಬಾಗಿಲಲ್ಲೇ ಮೇಷ್ಟ್ರು ಕಿವಿ ಹಿಡಿದು ಹೇಳಿದ್ರು, "ಲೇ ತಿಪ್ಪೇಶ, ನನ್ನ ಬೆನ್ನು ಬಿಡಬೇಡ!"

"ಬಿಡಲ್ಲ ಸಾರ್!"

ಬಿಡಲಿಲ್ಲ. ಒಬ್ಬೊಬ್ಬರೇ ದಾಟಬೇಕಾದ ತಪಾಸಣೆ ಚೌಕಟ್ಟಿನಲ್ಲಿ ಮೇಷ್ಟ್ರ ಸೊಂಟ ತಬ್ಕೊಂಡು ಇವನೂ ನುಗ್ಗಿದ. ಚೌಕಟ್ಟು ಕಿರ್ರೋ ಅಂತು! ಪೊಲೀಸ್ನೋರು ಓಡಿಬಂದು ಮೇಷ್ಟ್ರ ಬೆಲ್ಟು ಬಿಚ್ಚಿಸಿದ್ರು, ಬೂಟು ಬಿಚ್ಚಿಸಿದ್ರು. ಮಕ್ಕಳೆಲ್ಲ ಕಿಸಿಕಿಸಿ ನಗ್ತಿದ್ವು.

"ಅಯ್ಯೋ ಪೆದ್ದೇ! ಹಂಗಲ್ಲ ಕಣೋ! ಸಾಲು ಕಂಡ ಕಡೆ ಸಾಲಲ್ಲಿ ನಿಲ್ಬೇಕು!"

"ನಿಲ್ತೀನಿ ಸಾರ್!"

ಸಿಂಗಾಪುರ ಬಂತು. ಹೋಟೆಲಿಗೆ ಕಾಲಿಟ್ಟಿದ್ದೇ ತಡ, ಹಾಲ್‌ನಲ್ಲಿ ಉದ್ದಕ್ಕೊಂದು ಸಾಲು ಕಾಣಿಸ್ತು. ತಿಪ್ಪೇಶ ಹೋಗಿ ನಿಂತ. ಸಾಲು ಮುಂದಕ್ಕೆ ಹೋಯ್ತು, ಇವನೂ ಹೋದ. ಅದು ಯಾರದೋ ಮದುವೆ ಆರತಕ್ಷತೆ! ಮೇಷ್ಟ್ರು ಹುಡುಕಿ ಹುಡುಕಿ ಬಂದು ನೋಡ್ತಾರೆ, ಚೀನೀ ಮದುಮಗ ಈ ಕಡೆ, ಮದುಮಗಳು ಆ ಕಡೆ, ನಡುವೆ ನಮ್ಮ ತಿಪ್ಪೇಶ ಹಲ್ಲು ಕಿರಿದು ಫೋಟೋಗೆ ನಿಂತವ್ನೆ! ಮೇಷ್ಟ್ರು ಅವರಿಗೆ ಕೈ ಮುಗಿದು, ಇವನ ರಟ್ಟೆ ಹಿಡಿದು ಈಚೆ ಎಳೆದ್ರು.

"ಯಾರ ಸಾಲೋ ಅದು? ನಮ್ಮೋರ ತಲೆ ಮೇಲೆಲ್ಲ ಕೆಂಪು ಟೋಪಿ ಇದೆಯಲ್ಲೋ! ಕೆಂಪು ಟೋಪಿ ಎಲ್ಲಿರುತ್ತೋ ಅಲ್ಲಿ ನೀನಿರ್ಬೇಕು!"

"ಇರ್ತೀನಿ ಸಾರ್!"

ಮಾರನೇ ದಿನ ಹಕ್ಕಿಗಳ ತೋಟಕ್ಕೆ ಹೋದ್ರು. ಸೊಯ್ ಅಂತ ಗಾಳಿ ಬೀಸಿ ಮೇಷ್ಟ್ರ ಟೋಪೀನೇ ಹಾರಿಸ್ಕೊಂಡು ಹೋಯ್ತು! ಟೋಪಿ ಹೋಗಿ ಬಾತುಕೋಳಿ ಕೊಳಕ್ಕೆ ಬಿತ್ತು. ಅದರ ಹಿಂದೇನೇ ತಿಪ್ಪೇಶನೂ ದುಬುಕ್! ಸದ್ಯ, ಮೊಣಕಾಲುದ್ದ ನೀರು. ಹೋದೋನು ಟೋಪೀನಾದ್ರೂ ಎತ್ಕೊಂಡು ಬಂದ್ನಾ? ಅದೂ ಇಲ್ಲ. ಟೋಪಿ ಆ ಕಡೆ ತೇಲಿದ್ರೆ ಇವನೂ ಆ ಕಡೆ, ಈ ಕಡೆ ತೇಲಿದ್ರೆ ಈ ಕಡೆ. ಬಾತುಕೋಳಿಗಳು ಹಿಂದಿನಿಂದ ಕುಕ್ತಾ ಇದ್ರೂ ಜಪ್ಪಯ್ಯ ಅನ್ನಲಿಲ್ಲ.

ಮೇಷ್ಟ್ರೇ ಪ್ಯಾಂಟು ಮಡಚಿ ನೀರಿಗಿಳಿದ್ರು. "ಸಾಕಪ್ಪ, ಸಾಕು! ಇನ್ಮೇಲೆ ನಮ್ಮಿಂದ ತಪ್ಪಿಸ್ಕೊಂಡ್ರೆ ಇದ್ದ ಜಾಗದಿಂದ ಒಂದ್ ಹೆಜ್ಜೆ ಇಡಬೇಡ! ನಾನೇ ಬಂದು ಹುಡುಕ್ತೀನಿ!"

"ಇಡಲ್ಲ ಸಾರ್!"

ಕೊನೇ ದಿನ. ಸಂಜೆಗೆ ವಿಮಾನ. ದೊಡ್ಡದೊಂದು ಉದ್ಯಾನದಲ್ಲಿ ಮಕ್ಕಳನ್ನ ಪುಟಾಣಿ ರೈಲು ಹತ್ತಿಸಿ ಸುತ್ತಿಸಿದ್ರು, ಇಳಿಸಿದ್ರು, ತಲೆ ಎಣಿಸಿದ್ರು. ಒಂದು ತಲೆ ಕಮ್ಮಿ! ಯಾರದು ಅಂತ ಕೇಳೋದೇ ಬೇಡ.

ಮೇಷ್ಟ್ರು ಹುಡುಕೋಕೆ ಓಡಿದ್ರು. ಹೂವಿನ ಮಡಿ ನೋಡಿದ್ರು, ಐಸ್‌ಕ್ರೀಮ್ ಅಂಗಡಿ ನೋಡಿದ್ರು, ಸಾಲು ಕಂಡಲ್ಲೆಲ್ಲ ಇಣುಕಿದ್ರು. ಇಲ್ಲ! "ತಿಪ್ಪೇಶಾ!" ಅಂತ ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು. ಒಬ್ಬನೇ ಮಗ! ಹಾಲಮ್ಮಂಗೆ ಏನಂತ ಹೇಳ್ಲಿ, ಯಾವ ಮುಖ ಹೊತ್ಕೊಂಡು ಬಸ್ಸಿಳೀಲಿ ಅಂತ ಯೋಚಿಸ್ತಾ ಹಳಿ ಪಕ್ಕ ಕುಸಿದು ಕೂತ್ರು.

ಅಷ್ಟರಲ್ಲಿ ಕೂ ಅಂತ ಪುಟಾಣಿ ರೈಲು ಬಂತು. ಕಿಟಕೀಲಿ ಒಂದು ಕೆಂಪು ಟೋಪಿ!

"ಸಾರ್, ನಾನು ಇಲ್ಲೇ ಇದ್ದೀನಿ ಸಾರ್!" ಅಂತ ಕೈ ಬೀಸ್ತಾ ಮುಂದಕ್ಕೆ ಹೋದ!

ಮೇಷ್ಟ್ರು ಎದ್ದೋ ಬಿದ್ದೋ ರೈಲಿನ ಹಿಂದೆ ಓಡಿದ್ರು. ನಿಲ್ದಾಣದಲ್ಲಿ ಹಿಡ್ಕೊಂಡ್ರು.

"ಇಳಿಯೋ ಲೇ! ಯಾಕೋ ಇಳೀಲಿಲ್ಲ?"

"ಕಿಟಕಿ ಆಚೆ ನೋಡ್ತಾ ಕೂತಿದ್ದೆ ಸಾರ್, ತಿರುಗಿದ್ರೆ ನೀವ್ಯಾರೂ ಇಲ್ಲ! ಅವ್ವನಾಣೆ ಒಂದ್ ಹೆಜ್ಜೇನೂ ಇಟ್ಟಿಲ್ಲ. ರೈಲೇ ಹೋಗ್ತಿತ್ತು!"

ಹೊಡೆಯೋಕೆ ಎತ್ತಿದ ಕೈಯಲ್ಲೇ ಮೇಷ್ಟ್ರು ಅವನನ್ನ ತಬ್ಕೊಂಡ್ರು. ಅಬ್ಬಾ, ಸಿಕ್ಕಿದ್ನಲ್ಲ! ಅಷ್ಟು ಮಕ್ಕಳ ಎದುರು ಗಳಗಳ ಅತ್ತುಬಿಟ್ರು.

"ಕೇಳಪ್ಪ ತಿಪ್ಪೇಶ. ನಿಮ್ಮವ್ವನ ಮುಖ ಕಾಣೋವರೆಗೂ ನನ್ನ ಕೈ ಬಿಡಬೇಡ!"

"ಬಿಡಲ್ಲ ಸಾರ್!"

ವಿಮಾನದಲ್ಲಿ ಮೇಷ್ಟ್ರು ಎಡಗೈಯಲ್ಲೇ ಉಂಡ್ರು. ನಿದ್ದೇಲೂ ಇವನ ಹಿಡಿತ ಸಡಿಲವಾಗಲಿಲ್ಲ. ಊರಿನ ಬಸ್‌ಸ್ಟ್ಯಾಂಡ್‌ನಲ್ಲಿ ಹಾಲಮ್ಮ ಓಡಿಬಂದ ಮೇಲೇನೇ ಕೈ ಬಿಟ್ಟಿದ್ದು. ಮೇಷ್ಟ್ರ ಎದೆ ಮೇಲಿನ ಕಲ್ಲು ಇಳೀತು. ಹಾಲಮ್ಮ ಮಗನ ಕೆನ್ನೆ ಸವರಿದ್ಳು, ನೆಟಿಗೆ ಮುರಿದ್ಳು, ಅಳ್ತಾ ಅಳ್ತಾ ಹೇಳಿದ್ಳು:

"ಇನ್ಮೇಲೆ ನನ್ನ ಬಿಟ್ಟು ಎಲ್ಲಿಗೂ ಹೋಗಬೇಡ ಕಣಪ್ಪ!"

"ಹೋಗಲ್ಲವ್ವ!"

ಮೇಷ್ಟ್ರು ಮನೆಗೆ ಹೋಗಿ ಹೊದ್ದು ಮಲಗಿದ್ರು. ಎಷ್ಟೋ ದಿನದ ಮೇಲೆ ಗಾಢ ನಿದ್ದೆ ಬಂತು. ಬೆಳಿಗ್ಗೆ ಹಗುರವಾಗಿ ಸ್ಕೂಲಿಗೆ ಬಂದು ಹತ್ತನೇ ಕ್ಲಾಸಿನ ಬಾಗಿಲು ದಾಟಿದ್ರು.

"ನಮಸ್ತೇ ಸಾರ್!" ಅಂತ ಎಲ್ಲರೂ ಎದ್ದು ನಿಂತ್ರು. ಹಿಂದಿನ ಬೆಂಚಿನಲ್ಲಿ ತಿಪ್ಪೇಶ ಎದ್ದು ನಿಂತ. ಅವನ ಪಕ್ಕ, ಕೈಯಲ್ಲಿ ಹಿಟ್ಟಿನ ಸೌಟು ಹಿಡಿದು ಹಾಲಮ್ಮನೂ ಎದ್ದು ನಿಂತ್ಳು!

"ಏನಮ್ಮ ಇದು?"

"ಏನ್ ಮಾಡ್ಲಿ ಸಾರ್? ನನ್ನ ಬಿಟ್ಟು ಬರಲ್ಲ ಅಂತ ಒಲೆ ಮುಂದಿನಿಂದ ಎಳ್ಕೊಂಡೇ ಬಂದ. ಬೈಯೋಣ ಅಂದ್ರೆ ಬಾಯೇ ಬರಲ್ಲ. ಕಣ್ಮುಂದೆ ಇದ್ದಾನಲ್ಲ, ಅಷ್ಟೇ ಸಾಕು."

ಮೇಷ್ಟ್ರು ಹೊಸದೊಂದು ಬುದ್ಧಿ ಹೇಳೋಕೆ ಬಾಯಿ ತೆರೆದ್ರು. ತಿಪ್ಪೇಶ ಕಿವಿ ನೆಟ್ಟಗೆ ಮಾಡ್ಕೊಂಡು ನಿಂತ. ಅವನ ಮುಖ ನೋಡಿದ ಮೇಷ್ಟ್ರು ತೆರೆದ ಬಾಯಿ ಹಂಗೇ ಮುಚ್ಚಿದ್ರು.

"ಕೂತ್ಕೊಳ್ಳಮ್ಮ," ಅಂದು ಪಾಠ ಶುರು ಮಾಡಿದ್ರು.